ಆಚೆಗೆ ಮೂರಿಂಚು, ಈಚೆಗೆ ಮೂರಿಂಚು

ಟೈಲರಕ್ಕನ ಕೊರಳಲ್ಲಿ ಅಳತೆಪಟ್ಟಿ ಇಲ್ಲದ್ದನ್ನು ಕಂಡವರು ಕಡಿಮೆ. ಅಂಗಡಿಯ ಬಾಗಿಲು ತೆಗೆಯುವಾಗ ಕೊರಳಿಗೆ ಬಿದ್ದರೆ, ಸಂಜೆ ಊಟಕ್ಕೆ ಕೂತಾಗ ಅತ್ತೆ "ಆ ಹಾವನ್ನ ಕೆಳಗಿಡು, ತಟ್ಟೆಗೆ ಬೀಳತ್ತೆ" ಎನ್ನುವವರೆಗೂ ಅದು ಅಲ್ಲೇ ಇರುತ್ತಿತ್ತು. ಉಳಿದಂತೆ ಅದು ಕೊರಳು ಬಿಟ್ಟಿರುತ್ತಿದ್ದದ್ದು ಎರಡೇ ಹೊತ್ತು. ದಿನಾ ಬೆಳಿಗ್ಗೆ ಆರರಿಂದ ಏಳೂವರೆ, ಮತ್ತು ಭಾನುವಾರದ ಮಧ್ಯಾಹ್ನ. ಆಗ ಅವಳು ಕಾಲಿಗೆ ಬೂಟು ಕಟ್ಟಿ ಮೈದಾನದಲ್ಲಿರುತ್ತಿದ್ದಳು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ರಸ್ತೆಗೆ ತೆರೆದ ಬಾಗಿಲು, ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿಟ್ಟ ಅರ್ಧ ಹೊಲಿದ ಅಂಗಿಗಳು. ಅಕ್ಕಪಕ್ಕದ ಎರಡು ಶಾಲೆಗಳ ಸಮವಸ್ತ್ರವೆಲ್ಲ ಅವಳ ಕೈಯದೇ. ಕಸುಬು ಕಲಿಸಿದವನು ಅಪ್ಪ. ಕತ್ತರಿ ಹಿಡಿಯಲು ಕೊಡುವ ಮೊದಲೇ ಅವನು ಒಂದು ಮಾತು ಕಲಿಸಿದ್ದ: "ಬಿಟ್ಟ ಬಟ್ಟೆ ಕೆಟ್ಟದ್ದಿಲ್ಲ ಮಗಳೇ, ಕತ್ತರಿಸಿದ ಬಟ್ಟೆ ತಿರುಗಿ ಬಂದದ್ದಿಲ್ಲ." ಬೆಳೆಯುವ ಮಕ್ಕಳ ಬಟ್ಟೆಗೆ ಆಚೆ ಬದಿಗೆ ಮೂರಿಂಚು, ಈಚೆ ಬದಿಗೆ ಮೂರಿಂಚು ಒಳಗೆ ಮಡಿಚಿ ಬಿಡಬೇಕು. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟರೆ ಒಂದೇ ಅಂಗಿ ಮೂರು ವರ್ಷ ಬರುತ್ತದೆ. ಇಪ್ಪತ್ತು ವರ್ಷದಲ್ಲಿ ಅದು ಅವಳ ಕೈಗೆ ಉಸಿರಾಡಿದಷ್ಟು ರೂಢಿಯಾಗಿತ್ತು. ಅಳತೆ ಬರೆದುಕೊಳ್ಳುವಾಗಲೇ ಆರು ಇಂಚು ಸೇರಿಸಿ ಬರೆಯುವಳು. ಬರೆದೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

ಮೂವತ್ತಾರು ತುಂಬಿದ ಅವಳು ಊರಿನ ಹೆಂಗಸರ ಫುಟ್‌ಬಾಲ್ ತಂಡದ ನಾಯಕಿ. ತಂಡ ಒಂಬತ್ತು ವರ್ಷದಿಂದ ಕೆಳಗಿನ ಡಿವಿಷನ್‌ನಲ್ಲೇ ಇತ್ತು. ಪ್ರತಿ ವರ್ಷ ಮೊದಲ ಎರಡು ತಂಡಗಳು ಮೇಲೆ ಹೋಗುತ್ತಿದ್ದವು, ಇವರು ಮೂರನೆಯವರೋ ನಾಲ್ಕನೆಯವರೋ ಆಗಿ ಕೈ ಬೀಸಿ ಕಳಿಸಿಕೊಡುತ್ತಿದ್ದರು. ಈ ವರ್ಷ ಅವಳ ಬಲ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತಾಡತೊಡಗಿತ್ತು. ಡಾಕ್ಟರು ಅದನ್ನು ಮಡಿಚಿ, ಬಿಡಿಸಿ, "ಇದೊಂದು ವರ್ಷ ಆಡಿ, ಆಮೇಲೆ ಮಿಷಿನ್ ತುಳಿಯೋಕಾದರೂ ಉಳಿಸಿಕೊಳ್ಳಿ" ಎಂದಿದ್ದರು. ಹಾಗಾಗಿ ಅವಳಿಗೆ ಬೇಕಾದದ್ದು ಒಂದೇ. ಬೂಟು ಬಿಚ್ಚುವ ಮೊದಲು ತಂಡ ಮೇಲೆ ಹೋಗಬೇಕು.

ತರಬೇತಿ ಕೊಡುತ್ತಿದ್ದವನು ಡ್ರೈವರಣ್ಣ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸನ್ನು ಡಿಪೊ ಗೋಡೆಗೆ ಒಂದು ಬೆರಳು ಬಿಟ್ಟು ನಿಲ್ಲಿಸುತ್ತಿದ್ದ ಎಂಬುದು ಅವನ ಏಕೈಕ ಹೆಮ್ಮೆ, ಆಟದಲ್ಲೂ ಅವನು ಕಲಿಸಿದ್ದು ಅದನ್ನೇ. "ಗೋಲ್‌ಕೀಪರ್ ಕೈಗೆ ಎಟುಕದ ಜಾಗ ಒಂದೇ ಒಂದು. ಕಂಬದ ಪಕ್ಕ. ಚೆಂಡು ಕಂಬವನ್ನ ಸವರಿಕೊಂಡು ಒಳಗೆ ಹೋಗಬೇಕು, ಮುಟ್ಟಬಾರದು." ದಿನಾ ಬೆಳಿಗ್ಗೆ ಒಬ್ಬೊಬ್ಬರಿಗೆ ಐವತ್ತು ಹೊಡೆತ, ಎಡಕ್ಕೆ ಇಪ್ಪತ್ತೈದು, ಬಲಕ್ಕೆ ಇಪ್ಪತ್ತೈದು. ಅಭ್ಯಾಸದಲ್ಲಿ ಚೆಂಡುಗಳು ಹಾಲಿನಲ್ಲಿ ಸಕ್ಕರೆ ಕರಗಿದ ಹಾಗೆ ಕಂಬದ ಪಕ್ಕದಲ್ಲಿ ಕರಗಿ ಹೋಗುತ್ತಿದ್ದವು.

ಪಂದ್ಯದ ದಿನ ಮಾತ್ರ ಠಣ್ ಎನ್ನುತ್ತಿತ್ತು.

ಲೀಗಿನ ಪಂದ್ಯಗಳೆಲ್ಲ ಸ್ಟೇಡಿಯಂನಲ್ಲಿ ನಡೆಯುತ್ತಿದ್ದವು. ಅಲ್ಲಿ ಇವರ ಹೊಡೆತಗಳು ಒಂದರ ಮೇಲೊಂದು ಕಂಬಕ್ಕೆ ಬಡಿದು ಮರಳುತ್ತಿದ್ದವು. ಹನ್ನೊಂದು ಪಂದ್ಯಗಳಲ್ಲಿ ಇವರು ಒಂದನ್ನೂ ಸೋತಿರಲಿಲ್ಲ, ಆದರೆ ಗೆದ್ದದ್ದು ಮೂರೇ. ಉಳಿದ ಎಂಟೂ ಡ್ರಾ, ಹೆಚ್ಚಿನವು ಸೊನ್ನೆ-ಸೊನ್ನೆ. ಗೋಲು ಕಾಯುತ್ತಿದ್ದ ಟೀಚರಮ್ಮ, ನಿಜವಾಗಿಯೂ ಶಾಲೆಯಲ್ಲಿ ಗಣಿತ ಹೇಳುವವಳು, "ನಮ್ಮ ಮನೆಗೆ ಕಳ್ಳರು ಬರಲ್ಲ, ನಮ್ಮವರಿಗೆ ಕಳ್ಳತನಾನೂ ಬರಲ್ಲ" ಎಂದು ಕೈಗವಸು ಬಿಚ್ಚಿ ಎಸೆಯುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಸಲ ಕಂಬಕ್ಕೆ ಹೊಡೆದವಳು ಮುಂದಿನ ಸಾಲಿನಲ್ಲಿ ಟೈಲರಕ್ಕನ ಜೊತೆ ಆಡುತ್ತಿದ್ದ ಹುಡುಗಿ. ಹತ್ತೊಂಬತ್ತು ವರ್ಷ, ಬೇಕರಿಯಲ್ಲಿ ಕೆಲಸ, ತಂಡದಲ್ಲಿ ಅವಳಷ್ಟು ಖಚಿತವಾದ ಕಾಲು ಇನ್ನೊಬ್ಬರಿಗಿರಲಿಲ್ಲ. ಅವಳಿಗೆ 'ಗಂಟೆ' ಎಂಬ ಹೆಸರಿಟ್ಟದ್ದು ಟೈಲರಕ್ಕನ ಅತ್ತೆ. ಪ್ರತಿ ಭಾನುವಾರ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದ ಆ ಮುದುಕಿಗೆ ಒಂದು ಕಿವಿ ಕೇಳದು. ಆದರೆ ಕಂಬದ ಸದ್ದು ಕೇಳುತ್ತಿತ್ತು.

"ಹೊಡೀತು ನೋಡು ಊಟದ ಗಂಟೆ. ಏಳ್ರಪ್ಪಾ, ಮನೆಗೆ ಹೋಗೋಣ."

ಪ್ರತಿ ಸಲ ಕಂಬ ಸದ್ದು ಮಾಡಿದಾಗಲೂ ಸೊಸೆಯ ಡಬ್ಬಿಯಿಂದ ತಂದ ಒಂದು ಗುಂಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ಕೆಂಪು, ನೀಲಿ, ಬಿಳಿ, ಕೈಗೆ ಸಿಕ್ಕ ಗುಂಡಿ. ಹನ್ನೊಂದು ಪಂದ್ಯ ಮುಗಿಯುವ ಹೊತ್ತಿಗೆ ಸೆರಗಿನಲ್ಲಿ ಹತ್ತೊಂಬತ್ತು ಗುಂಡಿಗಳಾಗಿದ್ದವು, ನಡೆದರೆ ಗಲಗಲ ಎನ್ನುತ್ತಿದ್ದವು.

ಟೈಲರಕ್ಕನ ಗಂಡ ಬಸ್ಸಿನ ಕಂಡಕ್ಟರ್. ಭಾನುವಾರ ರಜೆ ಸಿಗದವನು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ "ಎಷ್ಟು?" ಎನ್ನುವನು. "ಸೊನ್ನೆ-ಸೊನ್ನೆ" ಎಂದರೆ, "ಇಬ್ಬರಿಗೂ ಸಮ ಅಲ್ವಾ, ಒಳ್ಳೇದು" ಎಂದು ಸಮಾಧಾನ ಹೇಳುವನು. ಆ ಸಮಾಧಾನವೇ ಅವಳನ್ನು ಹೆಚ್ಚು ಉರಿಸುತ್ತಿತ್ತು.

ಹನ್ನೊಂದನೆಯ ಪಂದ್ಯವಾದ ಮೇಲೆ ಲೆಕ್ಕ ಸ್ಪಷ್ಟವಾಗಿತ್ತು. ಉಳಿದ ಮೂರನ್ನೂ ಗೆದ್ದರೆ ಎರಡನೆಯ ಸ್ಥಾನ, ಒಂದು ಡ್ರಾ ಆದರೂ ಇಲ್ಲ. ಡ್ರೈವರಣ್ಣ ಗಂಟೆಯನ್ನು ಹತ್ತಿರ ಕರೆದು, ಮುಖ ನೋಡದೆ, "ಮುಂದಿನ ಸಲ ನೀನು ಹೊರಗೆ ಕೂತ್ಕೋಮ್ಮ" ಎಂದ. ಅವಳು ಮರುದಿನ ಅಭ್ಯಾಸಕ್ಕೆ ಬರಲಿಲ್ಲ. ಬೇಕರಿಯಲ್ಲಿ ಬೆಳಗಿನ ಪಾಳಿ ಕೇಳಿ ತೆಗೆದುಕೊಂಡಿದ್ದಾಳೆ ಎಂದು ಸುದ್ದಿ ಬಂತು. ಬೆಳಗಿನ ಪಾಳಿ ಎಂದರೆ ಇನ್ನು ಬರುವುದಿಲ್ಲ ಎಂದೇ ಅರ್ಥ.

ಮಂಗಳವಾರ ಸ್ಟೇಡಿಯಂನ ಮಾಲಿ ಒಂದು ಹಳೆಯ ಬಲೆ ಕೊಟ್ಟು ಕಳಿಸಿದ. ಅಲ್ಲಿ ಹೊಸ ಬಲೆ ಕಟ್ಟಿದ್ದರು, ಇದನ್ನು ಬಿಸಾಡುವವರಿದ್ದರು. ಇವರ ಅಭ್ಯಾಸದ ಗೋಲಿಗೆ ಅದುವರೆಗೆ ಬಲೆಯೇ ಇರಲಿಲ್ಲ. ಟೈಲರಕ್ಕ ಮಧ್ಯಾಹ್ನವಿಡೀ ಕೂತು ಹರಿದ ಕಣ್ಣುಗಳನ್ನು ಕಟ್ಟಿದಳು, ನಾಲ್ಕು ಗಂಟೆಗೆ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಏಣಿ ಹಿಡಿದು ಒಬ್ಬಳೇ ಬಸ್ ಡಿಪೊ ಹಿಂದಿನ ಮೈದಾನಕ್ಕೆ ಹೋದಳು.

ಆ ಮೈದಾನ ಈ ವರ್ಷದ್ದು. ಹಿಂದಿನ ವರ್ಷದವರೆಗೆ ಶಾಲೆಯ ಮೈದಾನದಲ್ಲಿ ಆಡುತ್ತಿದ್ದರು, ಅಲ್ಲಿ ಕಟ್ಟಡ ಎದ್ದ ಮೇಲೆ ಡ್ರೈವರಣ್ಣ ಡಿಪೊದವರನ್ನು ಕೇಳಿ ಈ ಖಾಲಿ ಜಾಗ ಕೊಡಿಸಿದ್ದ. ಡಿಪೊದ ಹಳೆಯ ಪೈಪುಗಳಿಂದ ಗೋಲುಕಂಬ ಮಾಡಿ ನಿಲ್ಲಿಸಿದ್ದು ಟೈಲರಕ್ಕನ ಮೈದುನ, ವೆಲ್ಡಿಂಗ್ ಅಂಗಡಿಯವನು.

ಬಲೆಯ ಮೇಲಂಚಿಗೆ ಗಟ್ಟಿ ಹಗ್ಗ ಹೊಲಿದಿತ್ತು, ಎರಡು ತುದಿಗೂ ಕೊಂಡಿ. ಎಡಗಡೆಯ ಕೊಂಡಿಯನ್ನು ಕಂಬಕ್ಕೆ ಸಿಕ್ಕಿಸಿ, ಏಣಿಯನ್ನು ಬಲಗಡೆಗೆ ಒಯ್ದು, ಹಗ್ಗ ಎಳೆದಳು. ಕೊಂಡಿ ಕಂಬವನ್ನು ಮುಟ್ಟಲಿಲ್ಲ. ಜೋತುಬಿದ್ದು ಎಳೆದರೂ ಮುಟ್ಟಲಿಲ್ಲ. ಒಂದು ಗೇಣಿಗೆ ಸ್ವಲ್ಪ ಕಡಿಮೆ, ಅಷ್ಟು ಜಾಗ ನಡುವೆ ಉಳಿದು ಅದರೊಳಗಿಂದ ಡಿಪೊದ ಹಳದಿ ಗೋಡೆ ಕಾಣುತ್ತಿತ್ತು.

ಅಂಗಿ ಮೈಗೆ ಹಿಡಿಯದಿದ್ದರೆ ಟೈಲರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬಟ್ಟೆ ಕುಗ್ಗಿತೋ, ಮೈ ಹಿಗ್ಗಿತೋ? ಅವಳು ಕೊರಳಿನ ಪಟ್ಟಿ ತೆಗೆದು ಹಗ್ಗ ಅಳೆದಳು. ಇನ್ನೂರ ಎಂಬತ್ತೆಂಟು ಇಂಚು. ಇಪ್ಪತ್ತನಾಲ್ಕು ಅಡಿ, ಸರಿಯಾದ ಗೋಲಿನ ಅಗಲ. ಆಮೇಲೆ ಕಂಬದಿಂದ ಕಂಬಕ್ಕೆ ಅಳೆದಳು. ಇನ್ನೂರ ತೊಂಬತ್ತನಾಲ್ಕು. ಮತ್ತೊಮ್ಮೆ ಅಳೆದಳು. ಇಂಚೂ ಹೆಚ್ಚಲಿಲ್ಲ, ಇಂಚೂ ಕಡಿಮೆಯಾಗಲಿಲ್ಲ.

ಅಲ್ಲಿಂದ ನೇರ ಮೈದುನನ ಅಂಗಡಿಗೆ ನಡೆದಳು.

"ಏನಪ್ಪಾ, ಕಿಟಕಿ ಮಾಡೋ ಕೈ ಗೋಲು ಮಾಡೋವಾಗ ನಡುಗಿತಾ? ಆರು ಇಂಚು ಹೆಚ್ಚು ಮಾಡಿದ್ದೀಯಲ್ಲ."

ಅವನು ಕನ್ನಡಕವನ್ನು ಹಣೆಗೆ ಏರಿಸಿದ. "ನಾನಾ? ಅತ್ತಿಗೆ, ನಾನು ಚೀಟಿ ಇಲ್ಲದೆ ಒಂದು ಸರಳೂ ಕತ್ತರಿಸಲ್ಲ. ತಾಳಿ." ಗೋಡೆಯ ಮೊಳೆಗೆ ಚುಚ್ಚಿಟ್ಟ ಚೀಟಿಗಳ ಕಟ್ಟನ್ನು ತಿರುವಿ ಒಂದನ್ನು ಕಿತ್ತು ಕೊಟ್ಟ. "ಎತ್ತರ ಡ್ರೈವರಣ್ಣ ಬಾಯಲ್ಲಿ ಹೇಳಿದ್ರು. ಅಗಲ ನೀವು ಬರೆದುಕೊಟ್ರಿ. ಇದು ಯಾರ ಕೈಬರಹ ಹೇಳಿ."

ಹಳೆಯ ರಸೀದಿಯ ಹಿಂಬದಿ. ಅದರಲ್ಲಿ ಅವಳದೇ ದುಂಡನೆಯ ಅಂಕಿಗಳು: ೨೯೪.

ಅವಳಿಗೆ ಆ ದಿನ ನೆನಪಾಯಿತು. ಶಾಲೆ ಶುರುವಾಗುವ ಹಿಂದಿನ ವಾರ, ಮೇಜಿನ ತುಂಬ ಅಂಗಿಗಳು, ಬಾಯಲ್ಲಿ ಗುಂಡುಸೂಜಿಗಳು. ಮೈದುನ ಬಾಗಿಲಲ್ಲಿ ನಿಂತು, "ಇಪ್ಪತ್ತನಾಲ್ಕು ಅಡಿ ಅಂತೆ, ಇಂಚಲ್ಲಿ ಎಷ್ಟಾಗತ್ತೆ ಬರೆದುಕೊಡಿ" ಎಂದಿದ್ದ. ಅವಳು ಗುಣಿಸಿದಳು, ಬರೆದಳು. ಕೈ ತನ್ನ ಪಾಡಿಗೆ ತಾನು ಆಚೆಗೆ ಮೂರಿಂಚು, ಈಚೆಗೆ ಮೂರಿಂಚು ಬಿಟ್ಟಿತು.

ಅವಳು ಉರುಳಿಸಿಟ್ಟ ಟೈರಿನ ಮೇಲೆ ಕೂತಳು. ಹತ್ತೊಂಬತ್ತು ಗುಂಡಿಗಳು ಕಿವಿಯಲ್ಲಿ ಗಲಗಲ ಎಂದವು. ದಿನಾ ಐವತ್ತು ಹೊಡೆತ, ಕಂಬವನ್ನು ಸವರಿ. ಸವರಿದ ಆ ಜಾಗದಲ್ಲಿ ಸ್ಟೇಡಿಯಂನಲ್ಲಿ ಕಂಬವೇ ನಿಂತಿತ್ತು.

ಮೈದುನನಿಗೆ ಅವಳ ಮುಖ ನೋಡಿ ಪಾಪ ಅನ್ನಿಸಿತು. "ಅತ್ತಿಗೆ, ಒಂದು ಕೆಲಸ ಮಾಡೋಣ. ನಾಳೆ ಬೆಳಿಗ್ಗೆ ನೀವೆಲ್ಲ ಬರೋ ಮುಂಚೆ ಒಂದು ಕಂಬ ಕಿತ್ತು, ಮೇಲಿನ ಪೈಪಲ್ಲಿ ಆರು ಇಂಚು ಕತ್ತರಿಸಿ ಕೂರಿಸಿಬಿಡ್ತೀನಿ. ಚೀಟಿ ಒಲೆಗೆ ಹಾಕಿ. ಯಾರಿಗೂ ಗೊತ್ತಾಗಲ್ಲ."

ಸುಳ್ಳು ಹೇಳಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳು ಚೀಟಿಯನ್ನು ಮಡಿಚಿದಳು. ನಾಲ್ಕು ಮಡಿಕೆಯಾದ ಮೇಲೆ ಮತ್ತೆ ಬಿಡಿಸಿದಳು.

"ಆ ಬೇಕರಿ ಹುಡುಗಿ ತನ್ನ ಕಾಲೇ ಸರಿ ಇಲ್ಲ ಅಂದುಕೊಂಡು ಕೂತಿದ್ದಾಳೆ. ಅವಳಿಗೆ ಯಾರು ಹೇಳ್ತಾರೆ?"

"ತಾನಾಗೇ ಸರಿಹೋಗ್ತಾಳೆ."

"ಅವಳು ಬರೋದೇ ಇಲ್ಲ ಅಂದ ಮೇಲೆ ಸರಿಹೋಗೋದು ಎಲ್ಲಿಂದ? ಕಂಬ ನಾಳೆ ಕಿತ್ತು ಹಾಕು. ಆದರೆ ಎಲ್ಲರೂ ಬಂದ ಮೇಲೆ."

ಬೇಕರಿಯ ಹಿಂಬಾಗಿಲಲ್ಲಿ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಗಂಟೆ ಪಾಳಿ ಮುಗಿದ ಮೇಲೂ ನಲ್ಲಿಯ ಕೆಳಗೆ ಕೂತು ಕರಕಲು ಹಿಡಿದ ಟ್ರೇಗಳನ್ನು ಉಜ್ಜುತ್ತಿದ್ದಳು, ಮೊಣಕೈವರೆಗೆ ಹಿಟ್ಟು ಮತ್ತು ಮಸಿ.

"ಏನಕ್ಕ, ಬ್ರೆಡ್ ಬೇಕಿತ್ತಾ?"

"ನೀನು ಬೇಕಿತ್ತು."

"ನಾನು ಬರಲ್ಲ ಅಕ್ಕ. ಮನೇಲಿ ನಮ್ಮ ಅಣ್ಣನೂ ಊಟಕ್ಕೆ ಕರೆಯೋಕೆ ತಟ್ಟೆಗೆ ಚಮಚ ಬಡೀತಾನೆ, ಠಣ್ ಅಂತ. ನಂಗೆ ಸಾಕಾಯ್ತು."

ಟೈಲರಕ್ಕ ಅಳತೆಪಟ್ಟಿಯನ್ನು ಕಲ್ಲಿನ ಮೇಲೆ ಹಾಸಿ, ಮೂರರ ಅಂಕಿಯ ಮೇಲೆ ಹೆಬ್ಬೆರಳಿಟ್ಟಳು. ಬಲೆಯಿಂದ ಹಿಡಿದು ಚೀಟಿಯವರೆಗೆ ಎಲ್ಲವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ, ಮೈದುನ ಒಲೆಗೆ ಹಾಕಿ ಎಂದದ್ದನ್ನೂ ಸೇರಿಸಿ.

ಹುಡುಗಿ ಒದ್ದೆ ಬೆರಳುಗಳನ್ನು ಆ ಮೂರಿಂಚಿನ ಮೇಲಿಟ್ಟು ನೋಡಿದಳು. ನಾಲ್ಕು ಬೆರಳು ಸರಿಯಾಗಿ ಹಿಡಿದವು.

"ಇಷ್ಟೇನಾ?"

"ಇಷ್ಟೇ. ಎರಡು ಕಡೆಗೂ."

"ಹಾಗಾದ್ರೆ ನನ್ನ ಕಾಲು ಸರಿ ಇದೆಯಾ ಅಕ್ಕ?"

"ನಿನ್ನ ಕಾಲು ಮೊದಲಿಂದಾನೂ ಸರಿ ಇತ್ತು. ತಪ್ಪಿದ್ದು ನನ್ನ ಕೈ."

ಹುಡುಗಿ ಪಟ್ಟಿಯ ಮೇಲಿಂದ ಬೆರಳು ತೆಗೆದಳು. ನಲ್ಲಿಯ ನೀರು ಟ್ರೇಯ ಮೇಲೆ ಬಿದ್ದು ತುಳುಕಿ ಹರಿಯಿತು. ಆಮೇಲೆ ಒಂದು ಟ್ರೇಯನ್ನೂ ತೆಂಗಿನ ನಾರನ್ನೂ ಟೈಲರಕ್ಕನ ಕಡೆಗೆ ತಳ್ಳಿದಳು.

"ಉಜ್ಜಿ. ಇನ್ನೂ ಹದಿನೆಂಟು ಇವೆ. ಅಷ್ಟು ಬೇಗ ಬಿಡ್ತೀನಿ ಅಂದುಕೊಂಡ್ರಾ?"

ಟೈಲರಕ್ಕ ಸೀರೆ ಎತ್ತಿ ಕಟ್ಟಿ ಕೂತಳು. ಹತ್ತನೆಯ ಟ್ರೇ ಮುಗಿಯುವಾಗ ಹುಡುಗಿ, "ಮೂಲೆ ಬಿಡಬೇಡಿ, ಬಿಡೋದೇ ನಿಮ್ಮ ಅಭ್ಯಾಸ" ಎಂದಳು. ಆಗ ಇಬ್ಬರಿಗೂ ನಗು ಬಂತು. ಬೇಕರಿಯ ಯಜಮಾನ ಇಣುಕಿ ನೋಡಿ, ಸಂಬಳ ಕೇಳದ ಕೆಲಸದವಳು ಎಲ್ಲಿಂದ ಬಂದಳು ಎಂದು ತಿಳಿಯದೆ ಒಳಗೆ ಹೋದ.

ಮರುದಿನ ಬೆಳಿಗ್ಗೆ ಆರಕ್ಕೆ ಎಲ್ಲರೂ ಗೋಲಿನ ಮುಂದೆ ನಿಂತಿದ್ದರು. ಗಂಟೆ ಪಾಳಿ ಬದಲಿಸಿಕೊಂಡು ಬಂದಿದ್ದಳು. ಟೈಲರಕ್ಕ ಅಳತೆಯ ವಿಷಯ ಹೇಳತೊಡಗಿದ್ದೇ ಟೀಚರಮ್ಮ ಮೂಗು ಮುರಿದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಈಗ ಕಂಬದ ಮೇಲೆ ಹಾಕ್ತೀರಾ?"

"ನೆಲ ನಿಜವಾಗಿಯೂ ಡೊಂಕು ಟೀಚರಮ್ಮ. ಡೊಂಕು ಮಾಡಿದವಳು ನಾನು." ಚೀಟಿಯನ್ನು ಅವಳ ಕೈಗೆ ಕೊಟ್ಟಳು.

ಗಣಿತದವಳು ಚೀಟಿ ನೋಡಿದಳು, ಪಟ್ಟಿ ತೆಗೆದುಕೊಂಡು ತಾನೇ ಅಳೆದಳು. "ಎಂಟು ಡ್ರಾ," ಎಂದಳು. "ಎಂಟು ಡ್ರಾ, ನಿಮ್ಮ ಮಡಿಕೆಗೋಸ್ಕರ. ಗೋಲು ಏನು ಬೆಳೆಯೋ ಮಗುನಾ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡೋಕೆ?"

ಟೈಲರಕ್ಕ ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ನಾಯಕಿಯ ಪಟ್ಟಿಯನ್ನು ತೋಳಿನಿಂದ ಬಿಚ್ಚಿ ಡ್ರೈವರಣ್ಣನ ಮುಂದೆ ಹಿಡಿದಳು.

ಡ್ರೈವರಣ್ಣ ಅದನ್ನು ತೆಗೆದುಕೊಳ್ಳಲಿಲ್ಲ. ಕಂಬದ ಬಳಿಗೆ ಹೋದ, ಬಗ್ಗಿದ, ಒಂದು ಕಣ್ಣು ಮುಚ್ಚಿ ಬಸ್ಸಿನ ಪಕ್ಕದ ಕನ್ನಡಿ ನೋಡುವ ಹಾಗೆ ಆಚೆ ಕಂಬವನ್ನು ನೋಡಿದ. ತಿರುಗಿದಾಗ ಅವನ ಮುಖ ಅರಳಿತ್ತು.

"ಏ, ಇಲ್ಲಿ ಕೇಳ್ರಮ್ಮಾ. ಹತ್ತೊಂಬತ್ತು ಸಲ ಕಂಬಕ್ಕೆ ಹೊಡೆದಿದ್ದೀರಿ. ಎಷ್ಟೋ ಜನ ಇಡೀ ಜೀವನದಲ್ಲಿ ಅಷ್ಟು ಸಲ ಹೊಡೆದಿರಲ್ಲ. ನಾನು ತೋರಿಸಿದ ಜಾಗಕ್ಕೇ ಹೊಡೆದಿದ್ದೀರಿ, ಒಂದು ಬೆರಳು ಆಚೆ ಈಚೆ ಇಲ್ಲ. ಜಾಗಾನೇ ತಪ್ಪಿತ್ತು. ನನಗೆ ಕಾಲು ಇರೋರು ಬೇಕು ಅಂತಿದ್ದೆ. ಇಲ್ಲೇ ಇದ್ದಾರಲ್ಲ." ಅವನು ಗಂಟೆಯ ಕಡೆ ತಿರುಗಿ, ಈ ಸಲ ಮುಖ ನೋಡಿಯೇ, "ನಿನ್ನ ಹೊರಗೆ ಕೂರಿಸಿದ್ದು ನನ್ನ ತಪ್ಪು ಮಗಾ" ಎಂದ. ಆಮೇಲೆ ಟೈಲರಕ್ಕನಿಗೆ, "ಆ ಪಟ್ಟಿ ಕಟ್ಟಿಕೊಳ್ಳಿ ಟೈಲರಮ್ಮ. ನಾಯಕಿ ಇಲ್ಲದೆ ಬೈಯೋದು ಯಾರನ್ನ?"

ಟೀಚರಮ್ಮ ಚೀಟಿಯನ್ನು ಹಿಂದಕ್ಕೆ ಕೊಟ್ಟಳು. "ಗುಣಾಕಾರ ಸರಿ ಇದೆ," ಎಂದಳು. "ಕೂಡಿದ್ದೇ ತಪ್ಪು." ಅಷ್ಟು ಹೇಳಿ ಕೈಗವಸು ಹಾಕಿಕೊಂಡು ಗೋಲಿನ ಕಡೆ ನಡೆದಳು. ಅವಳ ಕ್ಷಮೆ ಎಂದರೆ ಅಷ್ಟೇ.

ಮೈದುನ ಕಂಬ ಕಿತ್ತ. ಕಿಡಿಗಳು ಹಾರಿದವು. ಮೇಲಿನ ಪೈಪಿನಿಂದ ಆರು ಇಂಚಿನ ತುಂಡು ಕೆಳಗೆ ಬಿದ್ದು ಹುಲ್ಲಿನಲ್ಲಿ ಉರುಳಿತು. ಅದು ತಣ್ಣಗಾದ ಮೇಲೆ ಟೈಲರಕ್ಕ ಮನೆಗೆ ತಂದು ಮೇಜಿನ ಮೇಲಿಟ್ಟಳು. ಬಟ್ಟೆ ಜರುಗದಂತೆ ಭಾರಕ್ಕಿಡಲು ಅದಕ್ಕಿಂತ ಒಳ್ಳೆಯ ವಸ್ತು ಸಿಗುತ್ತಿರಲಿಲ್ಲ.

ಕಂಬ ಕೀಳುವುದು ಅರ್ಧ ದಿನದ ಕೆಲಸ. ಕಾಲು ಕಲಿತದ್ದನ್ನು ಮರೆಸುವುದು ಅಷ್ಟು ಸುಲಭವಿರಲಿಲ್ಲ. ಮೊದಲ ಬೆಳಿಗ್ಗೆ ಹೊಸ ಗೋಲೂ ಠಣ್ ಠಣ್ ಎಂದಿತು. ಮರುದಿನ ಟೈಲರಕ್ಕ ಹಳೆಯ ಕೆಂಪು ಬಟ್ಟೆಯ ಎರಡು ಉದ್ದ ಪಟ್ಟಿಗಳನ್ನು ತಂದು, ಬಲೆಯ ಎರಡು ಕೊನೆಗೂ, ಕಂಬದಿಂದ ಚೆಂಡಿನಗಲ ಒಳಗೆ, ಮೇಲಿನಿಂದ ಕೆಳಗೆ ಹೊಲಿದಳು. "ಕಂಬ ನೋಡಬೇಡಿ. ಕೆಂಪು ನೋಡಿ." ಶನಿವಾರದ ಹೊತ್ತಿಗೆ ಚೆಂಡುಗಳು ಕೆಂಪಿಗೆ ಬಡಿದು ಬಲೆಯಲ್ಲಿ ಜಾರಿ ಬೀಳುತ್ತಿದ್ದವು. ಆ ಸದ್ದು ಒಗೆದ ಬಟ್ಟೆ ಕೊಡವಿದ ಹಾಗಿತ್ತು. ಅದನ್ನು ಕೇಳಲು ಅವರು ಏಳೂವರೆ ದಾಟಿದರೂ ಮನೆಗೆ ಹೋಗುತ್ತಿರಲಿಲ್ಲ.

ಹನ್ನೆರಡನೆಯ ಪಂದ್ಯವನ್ನು ಎರಡು-ಸೊನ್ನೆಯಿಂದ ಗೆದ್ದರು. ಹದಿಮೂರನೆಯದನ್ನು ಮೂರು-ಒಂದರಿಂದ. ಅತ್ತೆಯ ಸೆರಗಿಗೆ ಒಂದೂ ಗುಂಡಿ ಸೇರಲಿಲ್ಲ. "ಏನೇ ಇದು, ನನಗೆ ಕೆಲಸಾನೇ ಇಲ್ಲ" ಎಂದು ಗೊಣಗಿದಳು.

ಕೊನೆಯ ಪಂದ್ಯ ಬ್ಯಾಂಕಿನವರ ತಂಡದ ಮೇಲೆ. ಎರಡನೆಯ ಸ್ಥಾನದಲ್ಲಿದ್ದವರು ಅವರೇ. ಅವರಿಗೆ ಡ್ರಾ ಸಾಕು, ಇವರು ಗೆಲ್ಲಲೇಬೇಕು. ಆ ಮಧ್ಯಾಹ್ನ ಸ್ಟೇಡಿಯಂನ ಒಂದು ಬದಿ ತುಂಬಿತ್ತು. ಸಮವಸ್ತ್ರದ ಮಕ್ಕಳು, ಬೇಕರಿಯ ಯಜಮಾನ, ಡಿಪೊದ ಮೆಕ್ಯಾನಿಕ್‌ಗಳು. ಮೈದುನ ಬೇಲಿಯ ಪಕ್ಕ ನಿಂತು ಸ್ಟೇಡಿಯಂ ಗೋಲಿನ ಬೆಸುಗೆಯಲ್ಲಿ ತಪ್ಪು ಹುಡುಕುತ್ತಿದ್ದ.

ಇಪ್ಪತ್ತನೆಯ ನಿಮಿಷದಲ್ಲಿ ಟೈಲರಕ್ಕ ಮೈದಾನದ ನಡುವಿನಿಂದ ಚೆಂಡನ್ನು ಎಡಕ್ಕೆ ನೂಕಿದಳು. ಗಂಟೆ ಒಬ್ಬಳನ್ನು ದಾಟಿದಳು, ತಲೆ ಎತ್ತಿದಳು. ಅಲ್ಲಿ ಕೆಂಪು ಪಟ್ಟಿ ಇರಲಿಲ್ಲ. ಆದರೆ ಅವಳಿಗೆ ಕಾಣುತ್ತಿತ್ತು. ಹೊಡೆದಳು. ಕೀಪರ್ ಉದ್ದಕ್ಕೆ ಹಾರಿದಳು. ಇಡೀ ಸ್ಟೇಡಿಯಂ ಅಭ್ಯಾಸ ಬಲದಿಂದ ಆ ಸದ್ದಿಗೆ ಕಾಯಿತು.

ಸದ್ದು ಬರಲಿಲ್ಲ. ಆಮೇಲೆ ಬಲೆ ಒಗೆದ ಬಟ್ಟೆಯಂತೆ ಕೊಡವಿಕೊಂಡಿತು.

ಒಂದು-ಸೊನ್ನೆ. ಟೀಚರಮ್ಮ ತನ್ನ ಗೋಲಿನಲ್ಲಿ ಒಬ್ಬಳೇ ಕುಣಿದಳು.

ಎರಡನೆಯ ಅರ್ಧದಲ್ಲಿ ಬ್ಯಾಂಕಿನವರು ಒತ್ತಿ ಬಂದರು. ಒಂದು ಕಾರ್ನರ್, ಗುಂಪಿನಲ್ಲಿ ಯಾರದೋ ತಲೆ, ಟೀಚರಮ್ಮನ ಬೆರಳ ತುದಿಗೆ ತಾಗಿದರೂ ಚೆಂಡು ಒಳಗೆ ಹೋಯಿತು. ಒಂದು-ಒಂದು. ಹೀಗೇ ಮುಗಿದರೆ ಮತ್ತೊಂದು ವರ್ಷ ಕೆಳಗೆ. ಟೈಲರಕ್ಕನಿಗೆ ಮತ್ತೊಂದು ವರ್ಷ ಇರಲಿಲ್ಲ. ಮೊಣಕಾಲು ಆಗಲೇ ಹತ್ತಿ ತುಂಬಿದ ಚೀಲದಂತೆ ಊದಿತ್ತು. ಡ್ರೈವರಣ್ಣ ಕೈಸನ್ನೆಯಲ್ಲೇ ಹೊರಗೆ ಬರುತ್ತೀರಾ ಎಂದು ಕೇಳಿದ. ಅವಳು ನೋಡದವಳಂತೆ ಆಚೆ ತಿರುಗಿದಳು.

ಮುಗಿಯಲು ಮೂರು ನಿಮಿಷವಿತ್ತು. ಗಂಟೆಗೆ ಬಲಗಡೆಯಲ್ಲಿ ಚೆಂಡು ಸಿಕ್ಕಿತು. ಇಬ್ಬರು ಮೈಮೇಲೆ ಬಿದ್ದಿದ್ದರು, ಅವಳಿಗೆ ತಲೆ ಎತ್ತಲು ಸಮಯವಿರಲಿಲ್ಲ. ಕಾಲು ತನಗೆ ಮೊದಲು ಗೊತ್ತಿದ್ದದ್ದನ್ನೇ ಮಾಡಿತು.

ಆ ಕಾಲು ಬೀಸುವುದನ್ನು ಟೈಲರಕ್ಕ ನೋಡಿದಳು. ಅದು ಹಳೆಯ ಬೀಸು, ಇನ್ನೂರ ತೊಂಬತ್ತನಾಲ್ಕರ ಬೀಸು. ಚೆಂಡು ಎಲ್ಲಿ ಬಡಿಯುತ್ತದೆ, ಎಲ್ಲಿಗೆ ಮರಳುತ್ತದೆ ಎಂಬುದು ಆ ಮೈದಾನದಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಹತ್ತೊಂಬತ್ತು ಸಲ ಮರಳಿ ಬಂದದ್ದನ್ನು ನೋಡಿದ್ದಳು. ಬ್ಯಾಂಕಿನವರು ಗೋಲಿನ ಕಡೆ ನೋಡುತ್ತ ನಿಂತಿದ್ದಾಗ ಅವಳು ಆಗಲೇ ಓಡುತ್ತಿದ್ದಳು, ಚೆಂಡಿನ ಕಡೆಗಲ್ಲ, ಅದು ಬರಬೇಕಾದ ಜಾಗಕ್ಕೆ.

ಠಣ್.

ಸ್ಟೇಡಿಯಂ ಒಟ್ಟಿಗೇ ನರಳಿತು. ಮೊದಲ ಸಾಲಿನಲ್ಲಿ ಅತ್ತೆ ಗುಂಡಿಯ ಡಬ್ಬಿಗೆ ಕೈ ಹಾಕಿದಳು. "ಹೊಡೀತು ಊಟದ—" ಎನ್ನುವಷ್ಟರಲ್ಲಿ ಚೆಂಡು ನೇರ ಬಂದು ಸೊಸೆಯ ಊದಿದ ಮೊಣಕಾಲಿಗೇ ಬಡಿದು, ಅಲ್ಲಿಂದ ಯಾವ ಅಂದವೂ ಇಲ್ಲದೆ, ಕುಂಟುವ ಮುದುಕನಂತೆ, ಒಂದು ಸಲ ಪುಟಿದು, ಇನ್ನೊಂದು ಸಲ ಪುಟಿದು ಗೆರೆ ದಾಟಿತು.

ನೋವಿಗೆ ಅವಳ ಕಣ್ಣು ಕತ್ತಲೆಯಿಟ್ಟಿತು. ನೆಲಕ್ಕೆ ಬಿದ್ದವಳ ಮೇಲೆ ಮೊದಲು ಗಂಟೆ ಬಿದ್ದಳು, ಅವಳ ಮೇಲೆ ಉಳಿದವರು. ಆ ರಾಶಿಯ ಕೆಳಗಿನಿಂದ ಒಂದು ದನಿ ಬಂತು: "ಮೊಣಕಾಲು, ಮೊಣಕಾಲು ಬಿಡ್ರೇ." ಇಡೀ ಮೈದಾನ ಓಡಿ ಬಂದಿದ್ದ ಟೀಚರಮ್ಮ ಎಲ್ಲರನ್ನೂ ಒಬ್ಬೊಬ್ಬರಾಗಿ ಎಳೆದು ಹಾಕಿ, ಕೊನೆಗೆ ತಾನೇ ಅವಳನ್ನು ತಬ್ಬಿಕೊಂಡು ಬಿದ್ದಳು.

ರೆಫ್ರಿ ಸೀಟಿ ಊದಿದಾಗ ಎರಡು-ಒಂದು. ಡ್ರೈವರಣ್ಣ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಇಲ್ಲದ ಸ್ಟಿಯರಿಂಗ್ ಹಿಡಿದುಕೊಂಡಿದ್ದ. ಅಳುತ್ತಿದ್ದಾನೆಂದು ಯಾರೂ ಹತ್ತಿರ ಹೋಗಲಿಲ್ಲ.

ಟೈಲರಕ್ಕ ಗಂಟೆಯ ಹೆಗಲ ಮೇಲೆ ಕೈ ಹಾಕಿ ಕುಂಟುತ್ತ ಬೇಲಿಯ ಬಳಿ ಬಂದಳು. ಅತ್ತೆ ಅಂಗೈಯಲ್ಲಿ ಇಪ್ಪತ್ತನೆಯ ಗುಂಡಿ ಹಿಡಿದು ಗೊಂದಲದಲ್ಲಿದ್ದಳು.

"ಕಂಬಕ್ಕೂ ಹೊಡೀತು, ಗೋಲೂ ಆಯ್ತು. ಇದನ್ನ ಎಲ್ಲಿ ಕಟ್ಟಲಿ ಕಣೇ?"

"ಕಟ್ಟಿಕೊಳ್ಳಿ ಅತ್ತೆ. ಬೇಕಾಗತ್ತೆ."

ಸಂಜೆ ಗಂಡ ಮನೆಗೆ ಬಂದ. ಬಸ್ಸಿನಲ್ಲಿ ಮೂವತ್ತು ಜನ ಪ್ರಯಾಣಿಕರು ಆಗಲೇ ಅವನಿಗೆ ಎಲ್ಲವನ್ನೂ ಹೇಳಿದ್ದರು, ಅವನ ಕಿಸೆಯಲ್ಲಿ ಮಿಠಾಯಿಯ ಪೊಟ್ಟಣ ಉಬ್ಬಿತ್ತು. ಆದರೂ ಚಪ್ಪಲಿ ಬಿಡುತ್ತ, ಒಂಬತ್ತು ವರ್ಷ ಕೇಳಿದ ಹಾಗೇ, "ಎಷ್ಟು?" ಎಂದ. ಅವಳು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವಸರ ಮಾಡಲಿಲ್ಲ. ಒಂದೊಂದೇ ಅಂಕಿಯನ್ನು ಬಾಯಲ್ಲಿ ಇಟ್ಟುಕೊಂಡು ಹೇಳಿದಳು.

ಮುಂದಿನ ತಿಂಗಳು ಮೇಲಿನ ಡಿವಿಷನ್‌ಗೆ ಹೊಸ ಜೆರ್ಸಿಗಳು ಬೇಕಾದವು, ಕಾಲರ್ ಇರುವಂಥವು. ಕತ್ತರಿಸುವ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಆರು ಇಂಚಿನ ಪೈಪಿನ ತುಂಡನ್ನು ಅದರ ಮೇಲೆ ಭಾರಕ್ಕಿಟ್ಟು, ಟೈಲರಕ್ಕ ಗುರುತು ಹಾಕುತ್ತಿದ್ದ ಮಧ್ಯಾಹ್ನ ಗಂಟೆ ಒಂದು ಬ್ರೆಡ್ ಹಿಡಿದು ಬಂದಳು. ಈಗ ನಾಯಕಿಯ ಪಟ್ಟಿ ಅವಳ ತೋಳಿನಲ್ಲಿತ್ತು. ಟೈಲರಕ್ಕ ಇನ್ನು ಆಡುವುದಿಲ್ಲ, ಬೆಳಿಗ್ಗೆ ಡ್ರೈವರಣ್ಣನ ಪಕ್ಕ ನಿಂತು ಬೈಯುತ್ತಾಳೆ ಎಂದು ಒಪ್ಪಂದವಾಗಿತ್ತು.

"ನನ್ನದಕ್ಕೆ ಎಷ್ಟು ಬಿಡ್ತೀರಿ ಅಕ್ಕ?"

"ಆಚೆಗೆ ಮೂರು, ಈಚೆಗೆ ಮೂರು. ನೀನಿನ್ನೂ ಬೆಳೆಯೋಳು."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಇಪ್ಪತ್ತು ಗುಂಡಿಗಳು ಹಸಿರು ಬಟ್ಟೆಯ ಮೇಲೆ ಚೆಲ್ಲಿ ಉರುಳಿದವು. ಕೆಂಪು, ನೀಲಿ, ಬಿಳಿ, ಒಂದು ಕೋಟಿನದು, ಒಂದು ಮಗುವಿನ ಅಂಗಿಯದು.

"ಕಾಲರಿಗೆ ಇವನ್ನೇ ಹಾಕು. ಹೊಸದು ಯಾಕೆ?"

"ಅಯ್ಯೋ ಅತ್ತೆ, ಒಂದಕ್ಕೊಂದು ಹೊಂದೋದೇ ಇಲ್ಲ ಇವು."

ಅತ್ತೆ ಕೇಳುವ ಕಿವಿಯನ್ನು ಇತ್ತ ತಿರುಗಿಸಿದಳು. "ನೀವು ಹನ್ನೊಂದು ಜನ ಹೊಂದ್ತಿದ್ರಾ?"

ಟೈಲರಕ್ಕ ಸೂಜಿಗೆ ದಾರ ಪೋಣಿಸಿ, ಇಪ್ಪತ್ತನೆಯ ಗುಂಡಿಯನ್ನು ಹುಡುಕಿ ತೆಗೆದು, ಮೊದಲು ಅದನ್ನೇ ಹೊಲಿದಳು.